ಕಂಪಾಸ್ ಬಾಕ್ಸಿನಲ್ಲಿ ಸಿಕ್ಕ ಚಿಪ್ಸ್ ಪ್ಯಾಕೆಟ್

ಹೋದ ವರ್ಷ ದಸರಾ ರಜೆ ಮುಗಿದು ಶಾಲೆ ಶುರುವಾದ ದಿನ ಮಗನ ಯೂನಿಫಾರ್ಮ್ ಪ್ಯಾಂಟಿನ ಹುಕ್ಕು ಹತ್ತಲಿಲ್ಲ. ಜೂನ್‌ನಲ್ಲಿ ಹೊಲಿಸಿದ ಪ್ಯಾಂಟು. ಅವನು ಉಸಿರು ಹಿಡಿದು ಹೊಟ್ಟೆ ಒಳಗೆಳೆದುಕೊಂಡ, ನಾನೂ ಜಗ್ಗಿದೆ, ಹುಕ್ಕು ಕಿತ್ತು ಕೈಗೆ ಬಂತು. ಟೇಲರ್ ಅಳತೆ ಹಿಡಿದು, "ಎರಡ ಇಂಚು ಬಿಚ್ಚಬೇಕಾಗ್ತೈತ್ರಿ ಅಕ್ಕಾರ, ಒಳಗ ಬಟ್ಟಿ ಇರೂದ ಒಂದೂವರಿ" ಎಂದರು. ಮನೆಯಲ್ಲಿ ಮಾವನವರು ನಕ್ಕುಬಿಟ್ಟರು. "ತಿನ್ನೂ ವಯಸ್ಸು, ತಿನ್ಲಿ ಬಿಡವ್ವಾ. ಎತ್ತರ ಆದಮ್ಯಾಲ ಎಲ್ಲಾ ಸರಿ ಆಗ್ತೈತಿ."

ನಾನು ಬಿಡಲಿಲ್ಲ. ಅವತ್ತಿನಿಂದ ಅವನ ರೊಟ್ಟಿ ಎಣಿಸತೊಡಗಿದೆ. "ಎರಡಾತು, ಸಾಕು, ಏಳು." ನಾದಿನಿಯ ಮಕ್ಕಳು ಬಂದಿದ್ದಾಗ ಅವರ ಎದುರೇ ಹೀಗೆ ಅಂದೆ, ಅವರು ಆಗ ಮೂರನೇ ರೊಟ್ಟಿಗೆ ಎಣಗಾಯಿ ಹಾಕಿಸಿಕೊಳ್ಳುತ್ತಿದ್ದರು. ಅವನು ಏನೂ ಮಾತಾಡದೆ ಎದ್ದು ಕೈ ತೊಳೆದುಕೊಂಡ. ಒಂದು ತಿಂಗಳ ಮೇಲೆ, ಶಾರ್ಪನರ್ ಹುಡುಕಲು ಅವನ ಕಂಪಾಸ್ ಬಾಕ್ಸ್ ತೆಗೆದರೆ ಸ್ಕೇಲಿನ ಕೆಳಗೆ ಖಾಲಿ ಚಿಪ್ಸ್ ಪ್ಯಾಕೆಟ್. ಮಡಚಿ ಮಡಚಿ ಅಂಚೆ ಚೀಟಿಯಷ್ಟು ಮಾಡಿ ಇಟ್ಟಿದ್ದ. ಒಂಬತ್ತು ವರ್ಷದ ಹುಡುಗ ತಿನ್ನುವುದನ್ನು ಬಚ್ಚಿಡೋದು ಕಲಿತಿದ್ದ, ಕಲಿಸಿದವಳು ನಾನೇ.

ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಅದೇ ಬೆಂಚಿನಲ್ಲಿ ಹಳ್ಳಿಯಿಂದ ಬಂದ ತಾಯಿಯೊಬ್ಬರು ತೂಕವೇ ಏರದ ಮಗಳನ್ನು ತೊಡೆ ಮೇಲೆ ಕೂಡಿಸಿಕೊಂಡಿದ್ದರು. ಸರ್ಕಾರಿ ಶಾಲೆ ಮಕ್ಕಳಿಗೆ ಮೊಟ್ಟೆ, ಬಾಳೆಹಣ್ಣು ಕೊಡುವುದು 2021ರ ಡಿಸೆಂಬರ್‌ನಲ್ಲಿ ಶುರುವಾದಾಗ ಅಪೌಷ್ಟಿಕತೆ ಜಾಸ್ತಿ ಇರುವ ಜಿಲ್ಲೆಗಳ ಮೊದಲ ಪಟ್ಟಿಯಲ್ಲೇ ನಮ್ಮ ವಿಜಯಪುರ ಇತ್ತು. ಅಂಥ ಊರಲ್ಲಿ ಕೂತು ನನ್ನ ಮಗನ ತೂಕ ಜಾಸ್ತಿ ಅನ್ನೋಕೆ ಸ್ವಲ್ಪ ನಾಚಿಕೆಯೇ ಆಯಿತು.

ಎತ್ತರ 133 ಸೆಂಟಿಮೀಟರ್, ತೂಕ 35 ಕೆಜಿ. ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕ ನೋಡುವ ಅಳತೆ, 19.8. ದೊಡ್ಡವರಿಗೆ ಇದು ಏನೂ ಅಲ್ಲ. ಮಕ್ಕಳಿಗೆ ಹಾಗಲ್ಲ, ವಯಸ್ಸು ಎಷ್ಟು, ಗಂಡೋ ಹೆಣ್ಣೋ ನೋಡಿ ಚಾರ್ಟಿನ ಮೇಲೆ ಚುಕ್ಕಿ ಇಟ್ಟೇ ಹೇಳಬೇಕು. ಡಾಕ್ಟರ್ ಇಟ್ಟ ಚುಕ್ಕಿ ಎರಡು ಗೆರೆಗಳ ನಡುವೆ ಬಿತ್ತು: ಕೆಳಗಿನದು ಅಧಿಕ ತೂಕದ್ದು, ಮೇಲಿನದು ಬೊಜ್ಜಿನದು. "ತೂಕ ಇಳಸೂದು ಬ್ಯಾಡ್ರಿ. ಏರೂದು ನಿಧಾನ ಆದ್ರ ಸಾಕು, ಎತ್ತರ ಬೆಳದಂಗ ಸರಿ ಹೋಗ್ತೈತಿ" ಎಂದರು. (ಮಾವನವರು ಅರ್ಧ ಸರಿ ಇದ್ದರು. ಇದನ್ನು ಅವರಿಗೆ ಹೇಳಿಲ್ಲ.) ಆಮೇಲೆ ಕೇಳಿದರು, "ತಾಟಿನ್ಯಾಗ ಏನ ತಿಂತಾನ ಅಂತ ಎಲ್ಲಾ ಹೇಳಿದ್ರಿ. ತಾಟು ಬಿಟ್ಟು ಏನ ತಿಂತಾನ?"

ನನಗೆ ಗೊತ್ತೇ ಇರಲಿಲ್ಲ. ಮನೆಗೆ ಬಂದು ಒಂದು ವಾರ ಸುಮ್ನೆ ಬರೆದಿಟ್ಟೆ, ಯಾರಿಗೂ ಬೈಯದೆ. ನಾಲ್ಕೂವರೆಗೆ ಸ್ಕೂಲ್ ಬಸ್ ಇಳಿದ ಕೂಡಲೇ ಅಜ್ಜನ ಹತ್ತು ರೂಪಾಯಿ, ಮೂಲೆ ಕಿರಾಣಿ ಅಂಗಡಿ, ಒಂದು ಪ್ಯಾಕೆಟ್. ಅಜ್ಜನ ಚಹಾದ ಜೊತೆ ನಾಲ್ಕು ಬಿಸ್ಕತ್ತು. ಬಂದವರಿಗೆ ತಂದ ತಂಪು ಪಾನೀಯದಲ್ಲಿ ಉಳಿದದ್ದು. ಟಿವಿ ಮುಂದೆ ಚೂಡಾ. ರಾತ್ರಿ ಒಂಬತ್ತೂವರೆಗೆ ಊಟ. ಇಷ್ಟೆಲ್ಲ ಆಗುವಾಗ ನಾನು ಜೋಳದ ರೊಟ್ಟಿ ಎಣಿಸುತ್ತಾ ಕೂತಿದ್ದೆ!

ಒಂದು ಭಾನುವಾರ 250 ಎಂಎಲ್ ಬಾಟಲಿ ಹಿಡಿದು ಅವನಿಂದಲೇ ಲೇಬಲ್ ಓದಿಸಿದೆ. 100 ಎಂಎಲ್‌ಗೆ ಹತ್ತಿರಹತ್ತಿರ 11 ಗ್ರಾಂ ಸಕ್ಕರೆ. ಚಮಚಕ್ಕೆ 4 ಗ್ರಾಂ ಅಂತ ಹಿಡಿದು ಬಟ್ಟಲಿಗೆ ಹಾಕುತ್ತಾ ಹೋದ, ಆರು ಚಮಚ ದಾಟಿ ಏಳರ ಹತ್ತಿರ ಬಂತು. ಗಾಬರಿಯಾಗುತ್ತಾನೆ ಅಂದುಕೊಂಡಿದ್ದೆ. ಅವನು ಬಟ್ಟಲು ನೋಡಿ, "ಮಮ್ಮಿ, ನೀ ದಿನಾ ನಾಕ ಸಲ ಚಹಾ ಕುಡೀತಿ. ಒಂದಕ್ಕ ಎರಡ ಚಮಚ. ಎಂಟಾತಲ್ಲ?" ಅಂದ. ಲೆಕ್ಕ ಸರಿ ಇತ್ತು, ಏನು ಹೇಳಲಿ.

ಹಾಗಾಗಿ ಬದಲಾಗಿದ್ದು ಇಡೀ ಮನೆ. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಅವರದ್ದೊಂದು ನಿಯಮವಿದೆ: ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಕೆಲಸ, ಎಷ್ಟು ಅನ್ನುವುದು ಮಗುವಿನ ಕೆಲಸ. ಓದೋಕೆ ಸುಲಭ. ಎಣಿಕೆ ಬಿಟ್ಟ ಮೊದಲ ವಾರ ಅವನು ರಾತ್ರಿ ನಾಲ್ಕು ರೊಟ್ಟಿ ತಿಂದ, ಹಠಕ್ಕೆ ತಿಂದನೋ ಪರೀಕ್ಷೆ ಮಾಡಲು ತಿಂದನೋ, ನಾನು ಹಲ್ಲು ಕಚ್ಚಿಕೊಂಡು ಬಡಿಸಿದೆ. ಮೂರ್ನಾಲ್ಕು ವಾರದಲ್ಲಿ ತಾನಾಗಿಯೇ ಎರಡೂವರೆಗೆ ಬಂದ. ಊಟ ಎಂಟಕ್ಕೆ ತಂದೆವು, ಟಿವಿ ಬಂದ್. ಧಾರಾವಾಹಿ ತಪ್ಪಿತೆಂದು ಅತ್ತೆಯವರು ಎರಡು ದಿನ ಮುಖ ಊದಿಸಿಕೊಂಡಿದ್ದರು.

ನಾಲ್ಕೂವರೆ ಹಸಿವು ಸುಳ್ಳಲ್ಲ, ಅದಕ್ಕೆ ಏನಾದರೂ ಬೇಕೇ ಬೇಕು. ಈಗ ಬಸ್ ಇಳಿದವನಿಗೆ ಕಟಕ ರೊಟ್ಟಿ, ಮೊಸರು, ಶೇಂಗಾ ಹಿಂಡಿ (ಚಟ್ನಿಪುಡಿ). ಕಟಕ ರೊಟ್ಟಿಯ ದೊಡ್ಡ ಗುಣ ಅಂದರೆ ಬೇಗ ತಿಂದು ಮುಗಿಸೋಕೆ ಆಗುವುದೇ ಇಲ್ಲ, ಅಗಿಯುವಷ್ಟರಲ್ಲಿ ಹೊಟ್ಟೆಯ ಸುದ್ದಿ ತಲೆಗೆ ಮುಟ್ಟಿರುತ್ತದೆ. ಇಲ್ಲದಿದ್ದರೆ ಬಾಳೆಹಣ್ಣು, ಒಂದು ಹಿಡಿ ಹುರಿದ ಶೇಂಗಾ (ಹಿಡಿ ಅವನದ್ದು, ಅಜ್ಜನದ್ದಲ್ಲ), ಚಳಿಗಾಲದಲ್ಲಿ ಸೀತನಿ (ಸುಟ್ಟ ಎಳೆ ಜೋಳದ ಕಾಳು).

ಆಟದ್ದೇ ಕಷ್ಟ. ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಮ್ಮ ಏಪ್ರಿಲ್ ಬಿಸಿಲಲ್ಲಿ ಸುಮ್ನೆ ಕೂತರೂ ಬೆವರುತ್ತೇವೆ ಅದು ಬೇರೆ ಮಾತು. ಐದೂವರೆ ತನಕ ಹೊರಗೆ ಬಿಡೋಕೆ ಆಗಲ್ಲ. ಆಮೇಲೆ ಓಣಿಯಲ್ಲಿ ಕ್ರಿಕೆಟ್. ಹತ್ತು ರೂಪಾಯಿ ನಿಂತದ್ದಕ್ಕೆ ಬೇಜಾರಾಗಿದ್ದ ಅಜ್ಜ ಈಗ ಮೊಮ್ಮಗನನ್ನು ಕರೆದುಕೊಂಡು ಕಾಯಿಪಲ್ಲೆ ಸಂತೆಗೆ ನಡೆದೇ ಹೋಗುತ್ತಾರೆ. ಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಮಾತ್ರ ನಾನು ಯಾವ ಲೆಕ್ಕವೂ ಇಡುವುದಿಲ್ಲ. ಮಿರ್ಚಿ ಭಜಿ ನನಗೂ ಬೇಕು.

ಈ ದಸರಾಕ್ಕೆ ಅವನು 138 ಸೆಂಟಿಮೀಟರ್, ತೂಕ 36.5 ಕೆಜಿ. ಚುಕ್ಕಿ ಇನ್ನೂ ಕೆಳಗಿನ ಗೆರೆಗಿಂತ ಮೇಲೇ ಇದೆ, ಆದರೆ ಗೆರೆಗೆ ಹತ್ತಿರ ಬಂದಿದೆ. ಹೋದ ವಾರ ಟೀಚರ್ ಡೈರಿಯಲ್ಲಿ ಬರೆದು ಕಳಿಸಿದ್ದರು, ಗಣಿತದ ಪಿರಿಯಡ್‌ನಲ್ಲಿ ಏನೋ ತಿನ್ನುತ್ತಿದ್ದ ಅಂತ. ಕಂಪಾಸ್ ಬಾಕ್ಸ್ ತೆಗೆದು ನೋಡಿದೆ. ಸ್ಕೇಲಿನ ಕೆಳಗೆ ಶೇಂಗಾ ಸಿಪ್ಪೆ.