‘ಅನುಭವ ಹಂಚಿಕೊಳ್ಳಿ’ ಎಂದರೆ ಯಾರು ಬರೆಯುತ್ತಾರೆ?

ವಸ್ತುಸಂಗ್ರಹಾಲಯದ ವೆಬ್‌ಸೈಟಿನಲ್ಲಿ ‘ನಿಮ್ಮ ಅನುಭವ ಹಂಚಿಕೊಳ್ಳಿ’ ಎಂದು ಬರೆದು ಕೆಳಗೊಂದು ಖಾಲಿ ಜಾಗ ಬಿಟ್ಟರೆ ಜನ ಬರೆಯುವುದಿಲ್ಲ. ಬರೆದರೂ ‘ತುಂಬಾ ಚೆನ್ನಾಗಿದೆ’, ‘ಒಳ್ಳೆಯ ಕೆಲಸ, ಮುಂದುವರಿಸಿ’ ಅಂತ ಒಂದು ಸಾಲು. ಅವರ ಹತ್ತಿರ ಹೇಳಲು ಏನೂ ಇಲ್ಲ ಅಂತಲ್ಲ. ಎಷ್ಟೋ ಸಲ ಗಾಜಿನ ಪೆಟ್ಟಿಗೆ ಮುಂದೆ ನಿಂತವರಿಗೆ ಒಳಗಿರುವ ವಸ್ತುವಿನ ಬಗ್ಗೆ ಪಕ್ಕದ ಫಲಕಕ್ಕಿಂತ ಜಾಸ್ತಿ ಗೊತ್ತಿರುತ್ತದೆ. ಅದರಲ್ಲಿ ಯಾವುದು ನಮಗೆ ಬೇಕು, ಹೇಳಿದರೆ ಯಾರಾದರೂ ಓದುತ್ತಾರಾ ಎಂಬುದು ಗೊತ್ತಿರುವುದಿಲ್ಲ, ಅಷ್ಟೇ.

ಉತ್ತರ ಕನ್ನಡ ಜಿಲ್ಲೆಯ ಶಿರಸಿ ಕಡೆ ಗೆಳೆಯರು ಸೇರಿ ನಡೆಸುವ ಒಂದು ಸಣ್ಣ ಸಂಗ್ರಹಾಲಯಕ್ಕೆ ನಾನೂ ಕೈಜೋಡಿಸಿದ್ದೇನೆ. ನೋಡಲು ಬಂದವರಿಂದಲೇ ಬರಹ, ಫೋಟೋ, ದನಿ ಎಲ್ಲ ಪಡೆದು ಸೇರಿಸಬೇಕು ಎಂಬುದು ನಮ್ಮ ಆಸೆ. ಈ ಕೆಲಸದಲ್ಲಿ ನನಗೆ ಒಂದು ಮಾತು ಖಚಿತವಾಗಿದೆ. ಜನರನ್ನು ಸುಮ್ನೆ ಕರೆದರೆ ಸಾಲದು. ಒಂದು ವಸ್ತು ತೋರಿಸಬೇಕು, ಅದರ ಬಗ್ಗೆ ಸಣ್ಣದೊಂದು ಪ್ರಶ್ನೆ ಕೇಳಬೇಕು, ಉತ್ತರ ಬಂದ ಕೂಡಲೇ ಮಾತಾಡಬೇಕು.

ಕೊಟ್ಟೆಯನ್ನೇ ತೆಗೆದುಕೊಳ್ಳಿ. ಅಡಿಕೆಗೆ ಕೊಳೆರೋಗ ಬಾರದಂತೆ ಮಳೆಗಾಲಕ್ಕೆ ಮುಂಚೆ ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಬೇಣದ (ಹುಲ್ಲುಗಾವಲಿನ) ಕರಡ ಹುಲ್ಲಿನಿಂದ ನೇಯ್ದ ಹೊದಿಕೆ, ಕಟ್ಟುವ ಕಾಲ ಒಂದಿತ್ತು. ಮೈಲುತುತ್ತು, ಸುಣ್ಣ ಸೇರಿಸಿದ ಬೋರ್ಡೋ ಮದ್ದು ಹೊಡೆಯುವುದು ಶುರುವಾದ ಮೇಲೆ ಅದು ಹಿಂದೆ ಸರಿಯಿತು. ಅದನ್ನು ಗೋಡೆಗೆ ನೇತುಹಾಕಿ ‘ಹಳೆಯ ಕೃಷಿ ಉಪಕರಣ’ ಎಂದು ಬರೆದರೆ ಮಕ್ಕಳು ಏನೋ ಹುಲ್ಲಿನ ಚೀಲ ಅಂದುಕೊಂಡು ಮುಂದೆ ಹೋಗುತ್ತಾರೆ. ಅದೇ ಫೋಟೋದ ಕೆಳಗೆ ‘ಕರಡ ಯಾವ ಬೇಣದಿಂದ ತರುತ್ತಿದ್ದಿರಿ? ಮನೆಯಲ್ಲಿ ಕೊಟ್ಟೆ ನೇಯುತ್ತಿದ್ದವರು ಯಾರು? ಮರ ಹತ್ತಿ ಕಟ್ಟುವ ಕೊನೆಗಾರ ಯಾವ ಊರಿನವನು?’ ಎಂದು ಕೇಳಿ ನೋಡಿ. ಇಂಥ ಪ್ರಶ್ನೆಗೆ ಅಜ್ಜಿಯೊಬ್ಬರು ಮೊಮ್ಮಗಳ ಫೋನಿನಿಂದ ಕಳಿಸಿದ ವಾಯ್ಸ್ ಮೆಸೇಜ್ ನನಗೆ ತುಂಬಾ ಇಷ್ಟ. ಬೇಸಿಗೆಯ ಮಧ್ಯಾಹ್ನ ಊಟ ಆದ ಮೇಲೆ ಜಗುಲಿಯಲ್ಲಿ ಕೂತು ನೇಯುವಾಗ ಕರಡ ಅಂಗೈ ಹೇಗೆ ಕೊಯ್ಯುತ್ತಿತ್ತು, ಮಳೆ ಬೇಗ ಹಿಡಿದ ವರ್ಷ ಮನೆಯಲ್ಲಿ ಎಂಥ ಗಡಿಬಿಡಿ, ಯಾವ ಮರಕ್ಕೆ ಕೊಟ್ಟೆ ಸಾಲದೆ ಬಂತು, ಎಲ್ಲ ಅದರಲ್ಲಿದೆ. ನಡುವೆ ‘ಇದ್ನೆಲ್ಲ ಬರ್ಕತ್ಯನೆ ತಂಗಿ?’ ಎಂದು ಕೇಳುತ್ತಾರೆ. ಬರೆದುಕೊಂಡಿದ್ದೇವೆ ಅಜ್ಜಿ, ದನಿಯನ್ನೂ ಹಾಗೇ ಇಟ್ಟಿದ್ದೇವೆ.

ಘಟ್ಟ ಇಳಿದರೆ ರಂಪಣಿ. ದಡದಿಂದಲೇ ಬಂಗಡೆ ಹಿಡಿಯುವ ಆ ದೊಡ್ಡ ಬಲೆ ಎಳೆಯಲು ಹತ್ತಾರು ಜನ ಬೇಕು. 1970ರ ದಶಕದ ಕೊನೆಯ ಹೊತ್ತಿಗೆ ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು, ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದವು. ಬಲೆಯ ಒಂದು ತುಂಡು, ಒಂದು ಪಾತಿ ದೋಣಿ ತಂದು ಇಡಬಹುದು. ಆದರೆ ಮೀನಿನ ಹಿಂಡನ್ನು ಮೊದಲು ಕಂಡವರು ಹೇಗೆ ಕೂಗುತ್ತಿದ್ದರು, ಹಗ್ಗದ ಯಾವ ತುದಿಗೆ ಯಾರು ನಿಲ್ಲುತ್ತಿದ್ದರು, ಬಲೆಗೆ ಎಷ್ಟು ಪಾಲು, ಆಳಿಗೆ ಎಷ್ಟು, ದೇವರಿಗೆ ಎಷ್ಟು, ಸುಮ್ನೆ ಬಂದು ಹಗ್ಗಕ್ಕೆ ಕೈ ಹಚ್ಚಿದ ಹುಡುಗರಿಗೆ ಏನು ಸಿಗುತ್ತಿತ್ತು, ಇದು ಬಲೆ ನೋಡಿದರೆ ತಿಳಿಯುವುದಿಲ್ಲ. ಹಗ್ಗ ಎಳೆದವರು ಹೇಳಬೇಕು. ಅವರಿಗೆಲ್ಲ ಈಗ ವಯಸ್ಸಾಗಿದೆ. ಅದಕ್ಕೇ ನನಗೆ ಇಷ್ಟು ಅವಸರ.

ಇದೇನು ಹೊಸ ಯೋಚನೆ ಅಲ್ಲ. 2008ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಸುಮಾರು 3,000 ಹಳೆಯ ಫೋಟೋಗಳನ್ನು ಫ್ಲಿಕರ್ ಎಂಬ ಫೋಟೋ ಹಂಚುವ ವೆಬ್‌ಸೈಟಿಗೆ ಹಾಕಿತು. ಜನ ನೋಡಿ ಇದು ಯಾವ ಬೀದಿ, ಇವರು ಯಾರು, ಇದು ಯಾವ ಯಂತ್ರ ಎಂದು ಹೇಳುತ್ತಾ ಹೋದರು. ಅದೇ ವರ್ಷ ಮುಗಿಯುವುದರೊಳಗೆ 500ಕ್ಕೂ ಹೆಚ್ಚು ಫೋಟೋಗಳ ವಿವರವನ್ನು ಲೈಬ್ರರಿ ತಿದ್ದಿಕೊಂಡಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಮೊದಲನೇ ಮಹಾಯುದ್ಧದ ಬಗ್ಗೆ ‘ನಿಮ್ಮ ಮನೆಯಲ್ಲಿ ಏನಿದೆ ತೋರಿಸಿ’ ಎಂದು ಜನರನ್ನು ಕೇಳಿದ್ದೂ ಅದೇ 2008ರಲ್ಲಿ. ಕೆಲವೇ ತಿಂಗಳಲ್ಲಿ ಸುಮಾರು 6,500 ಕಾಗದ, ಫೋಟೋ, ವಸ್ತುಗಳ ಚಿತ್ರ ಬಂತು. ಅವರು ಬರೀ ವೆಬ್‌ಸೈಟ್ ನೆಚ್ಚಿಕೊಂಡು ಕೂರಲಿಲ್ಲ. ಊರೂರಿನಲ್ಲಿ ಒಂದು ದಿನ ಗೊತ್ತು ಮಾಡಿ, ಜನ ತಂದದ್ದನ್ನು ಅಲ್ಲೇ ಫೋಟೋ ತೆಗೆದು ವಾಪಸ್ ಕೊಟ್ಟರು.

ಈ ‘ವಾಪಸ್ ಕೊಡುವುದು’ ನಮ್ಮ ಜಿಲ್ಲೆಗೆ ತುಂಬಾ ಮುಖ್ಯ. ಅಟ್ಟದ ಮೇಲಿನ ಪೆಟ್ಟಿಗೆಯನ್ನು ಯಾರೂ ಸುಲಭಕ್ಕೆ ಬೇರೆಯವರ ಕೈಗೆ ಕೊಡುವುದಿಲ್ಲ, ಕೊಡಲೂಬಾರದು. ಎರಡು ವರ್ಷಕ್ಕೊಮ್ಮೆ ಶಿರಸಿ ಮಾರಿಕಾಂಬಾ ಜಾತ್ರೆಗೆ ಜಿಲ್ಲೆಯ ಮೂಲೆಮೂಲೆಯಿಂದ ಜನ ಬರುತ್ತಾರೆ ಅಲ್ವಾ, ಅಲ್ಲೊಂದು ಸ್ಟಾಲ್, ಒಂದು ಸ್ಕ್ಯಾನರ್, ಬಾಯಿತುಂಬ ಮಾತಾಡುವ ಇಬ್ಬರು ಇದ್ದರೆ ಸಾಕು. ಹತ್ತು ನಿಮಿಷದಲ್ಲಿ ಅವರ ಫೋಟೋ ಅವರ ಚೀಲಕ್ಕೆ. ಮಳೆಗಾಲ ಮುಗಿಯುವಷ್ಟರಲ್ಲಿ ಆಲ್ಬಮ್ಮಿಗೆ ಬೂಸಲು ಹಿಡಿಯುವ ಊರು ನಮ್ಮದು. ಈ ವರ್ಷ ಸಿಕ್ಕ ಫೋಟೋ ಬರುವ ವರ್ಷ ಹಾಗೇ ಇರುತ್ತದೆ ಅಂತ ನಂಬಿ ಕೂರಲಾಗದು.

ಯಾರ ಮನೆಯಲ್ಲಿ ಏನಿರಬಹುದು ಯೋಚಿಸಿ. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಆಮೇಲೆ ಅಂಕೋಲೆ, ಸಿದ್ದಾಪುರ ಕಡೆ ಕರನಿರಾಕರಣೆ, ಎಷ್ಟೋ ಕುಟುಂಬಗಳ ಜಮೀನು ಜಪ್ತಿ. ಮುಂದಾಳುಗಳ ಹೆಸರು ಪುಸ್ತಕದಲ್ಲಿದೆ. ಆ ದಿನಗಳಲ್ಲಿ ಮನೆಯಲ್ಲಿ ಅಡುಗೆಗೆ ಏನಿತ್ತು, ಜಪ್ತಿಗೆ ಬಂದವರು ಯಾವ ಪಾತ್ರೆ ಒಯ್ದರು ಎಂಬುದು ಮೊಮ್ಮಕ್ಕಳ ಬಾಯಲ್ಲಿ ಮಾತ್ರ ಇದೆ. ಅವರನ್ನು ‘ಸ್ವಾತಂತ್ರ್ಯ ಹೋರಾಟದ ಬಗ್ಗೆ ಬರೆಯಿರಿ’ ಎಂದರೆ ಶಾಲೆಯ ಭಾಷಣ ಬರೆದು ಕಳಿಸುತ್ತಾರೆ. ‘ನಿಮ್ಮ ಅಜ್ಜಿ ಆ ವರ್ಷ ಮನೆ ಹೇಗೆ ನಡೆಸಿದರು?’ ಎಂದರೆ ಬೇರೆಯೇ ಬರುತ್ತದೆ.

ಹೊರಗಿನಿಂದ ಬಂದವರನ್ನೂ ಬಿಡಬೇಡಿ. ಕಾರವಾರದ ಟಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಹಡಗು 2006ರಿಂದ ಸಂಗ್ರಹಾಲಯವಾಗಿದೆ. ನೋಡುವವರಲ್ಲಿ ಫೋಟೋ ಹೊಡೆದು ಹೋಗುವ ಪ್ರವಾಸಿಗರೇ ಜಾಸ್ತಿ. ಅದೇ ಗುಂಪಿನಲ್ಲಿ ನೌಕಾಪಡೆಯಿಂದ ನಿವೃತ್ತರಾದವರೂ ಇರಬಹುದು. ಯಾವ ಸಂಗ್ರಹಾಲಯವೇ ಆಗಲಿ, ಬಾಗಿಲಲ್ಲಿ ಒಂದು ಕ್ಯೂಆರ್ ಕೋಡ್ ಅಂಟಿಸಿ ‘ಇಂಥ ಕಡೆ ಕೆಲಸ ಮಾಡಿದ್ದೀರಾ? ನಿಮ್ಮೂರಲ್ಲಿ ಇಂಥದ್ದು ಇದೆಯಾ?’ ಎಂದು ಕೇಳಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಬಂದ ಬರಹವನ್ನು ತಿದ್ದಿ ನುಣ್ಣಗೆ ಮಾಡುವುದಕ್ಕೆ ನನ್ನ ಪೂರ್ತಿ ವಿರೋಧವಿದೆ. ಹವ್ಯಕರು ಹವ್ಯಕದಲ್ಲಿ, ಹಾಲಕ್ಕಿ ಒಕ್ಕಲಿಗರು ತಮ್ಮ ಕನ್ನಡದಲ್ಲಿ, ಕಾರವಾರದವರು ಕೊಂಕಣಿಯಲ್ಲಿ ಹೇಳಲಿ. ಓದುವವರಿಗೆ ಬೇಕಾದರೆ ಕೆಳಗೆ ಎರಡು ಸಾಲಿನ ಸಾರಾಂಶ ಕೊಡೋಣ. ಇಬ್ಬರು ಒಂದೇ ವಸ್ತುವಿನ ಬಗ್ಗೆ ಬೇರೆ ಬೇರೆ ಹೇಳಿದರೆ ಎರಡನ್ನೂ ಅವರವರ ಊರಿನ ಹೆಸರಿನ ಜೊತೆ ಹಾಕಬೇಕು. ಗೋಕರ್ಣದ ಪದ್ಧತಿ ಭಟ್ಕಳದಲ್ಲಿ ಇರಲೇಬೇಕು ಅಂತ ಏನಿದೆ? ತಾರೀಕು, ಹೆಸರು, ಜಾಗ ಮಾತ್ರ ಇನ್ನೊಬ್ಬರನ್ನು ಕೇಳಿ ನೋಡಿಕೊಂಡರೆ ಒಳ್ಳೆಯದು.

ಹಕ್ಕಿನ ವಿಷಯ ನೇರವಾಗಿ ಹೇಳಿಬಿಡಬೇಕು. ಫೋಟೋ ಅವರದ್ದು, ತೋರಿಸಲು ನಮಗೆ ಒಪ್ಪಿಗೆ ಅಷ್ಟೇ. ಬೇಡ ಎಂದ ದಿನ ತೆಗೆಯುತ್ತೇವೆ. ಸೀಬರ್ಡ್ ನೌಕಾನೆಲೆಗಾಗಿ ಊರು ಬಿಟ್ಟವರು, ಸೂಪಾ ಅಣೆಕಟ್ಟಿನ ನೀರಲ್ಲಿ ಮನೆ ಕಳೆದುಕೊಂಡವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಅವರಿಗೆ ಅಂಗಳದ ಒಂದು ಫೋಟೋ ಎಂದರೆ ಏನು ಎಂಬುದು ನಮಗೆ ನೆನಪಿರಬೇಕು. ಒತ್ತಾಯ ಮಾಡುವುದಲ್ಲ. ಅವರಾಗಿಯೇ ಹೇಳಿದಾಗ ಕೂತು ಕೇಳಬೇಕು.

ಕಳಿಸಿದವರಿಗೆ ಎರಡು ದಿನದೊಳಗೆ ಒಂದು ಫೋನ್ ಹೋಗಲೇಬೇಕು. ‘ನಿಮ್ಮದು ಬಂತು ಅಕ್ಕ, ಓದಿದೆ, ಇನ್ನೊಂದು ವಿಷಯ ಕೇಳಲಾ?’ ಎಂದರೆ ಅವರು ಪಕ್ಕದ ಮನೆಯವರನ್ನೂ ಕರೆದು ತರುತ್ತಾರೆ. ಅವರು ಹೇಳಿದ್ದರಿಂದ ಫಲಕ ಬದಲಾದರೆ ಅವರ ಒಪ್ಪಿಗೆ ಪಡೆದು ಹೆಸರನ್ನೂ ಫಲಕದ ಮೇಲೇ ಬರೆಯಬೇಕು. ಉತ್ತರವೇ ಹೋಗದಿದ್ದರೆ ಇನ್ನೊಮ್ಮೆ ಅವರು ಬರೆಯುವುದಿಲ್ಲ, ನಾನಾದರೂ ಬರೆಯುವುದಿಲ್ಲ.

ಈಗ ನನ್ನದೊಂದು ಪ್ರಶ್ನೆ. ಕಾರವಾರದ ಹತ್ತಿರ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿತ್ತು. ಆ ಸೇತುವೆ ಬರುವ ಮೊದಲು ಕೋಡಿಬಾಗದಿಂದ ಸದಾಶಿವಗಡಕ್ಕೆ ನೀವು ಹೇಗೆ ದಾಟುತ್ತಿದ್ದಿರಿ? ಕೊನೆಯ ದೋಣಿ ತಪ್ಪಿದರೆ ರಾತ್ರಿ ಎಲ್ಲಿ ಉಳಿಯುತ್ತಿದ್ದಿರಿ? ಮದುವೆ ದಿಬ್ಬಣ ದಾಟಿದ ಫೋಟೋ ಯಾರ ಮನೆಯಲ್ಲಾದರೂ ಇದೆಯಾ? ಇದ್ದರೆ ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಬೇಡಿ, ಫೋಟೋ ಕುಗ್ಗಿಹೋಗುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ. ಹಿಂಬದಿಯನ್ನೂ ತೆಗೆಯಿರಿ, ಸ್ಟುಡಿಯೋ ಸೀಲು, ಕೈಬರಹದ ತಾರೀಕು ಅಲ್ಲೇ ಇರುತ್ತದೆ. ಬರೆಯಲು ಬೇಜಾರಾದರೆ ಮಾತಾಡಿ ಕಳಿಸಿ, ಎಷ್ಟು ಉದ್ದ ಆದರೂ ಪರವಾಗಿಲ್ಲ.