ಹಾಲು, ಮೊಟ್ಟೆ ಒಗ್ಗದ ಮಗಳ ತೂಕ

ಮಗಳಿಗೆ 16 ತಿಂಗಳು ತುಂಬಿದಾಗ ಅಂಗನವಾಡಿಯ ತಕ್ಕಡಿಯಲ್ಲಿ ಆಕೆ 7.5 ಕಿಲೋ ತೂಗಿದಳು. ತಾಯಿ ಕಾರ್ಡಿನ ಬೆಳವಣಿಗೆಯ ನಕ್ಷೆಯಲ್ಲಿ ಆಕೆಯ ಚುಕ್ಕೆ ಹಸಿರು ಪಟ್ಟಿಯಿಂದ ಜಾರಿ ಹಳದಿಗೆ ಇಳಿದಿತ್ತು. ತೂಕ ಕಡಿಮೆಯಿರುವ ಮಗುವಿಗೆ ಎಲ್ಲರೂ ಹೇಳುವುದು ಹಾಲು ಮತ್ತು ಮೊಟ್ಟೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಾಲು ಅಂಗನವಾಡಿಗೇ ಬರುತ್ತದೆ. ನನ್ನ ಮಗಳಿಗೆ ಒಗ್ಗದಿರುವುದು ಆ ಎರಡೇ. ಎಂಟನೆಯ ತಿಂಗಳಲ್ಲಿ ಎರಡು ಚಮಚ ಮೊಸರನ್ನ ತಿಂದು ಹತ್ತು ನಿಮಿಷ ಕಳೆಯುವುದರೊಳಗೆ ಮೈಯೆಲ್ಲ ದದ್ದೆದ್ದು ತುಟಿ ಊದಿಕೊಂಡದ್ದನ್ನು ನಾನು ಇಂದಿಗೂ ಮರೆತಿಲ್ಲ.

ಆ ಹೆದರಿಕೆಯಲ್ಲಿ ನಾವು ಒಂದು ತಪ್ಪು ಮಾಡಿದೆವು. ಮೈ ಕೆಂಪಾದಾಗಲೆಲ್ಲ ಅಂದು ತಿಂದಿದ್ದ ಪದಾರ್ಥದ ಮೇಲೆ ಸಂಶಯಪಟ್ಟು ಗೋಧಿ, ತೊಗರಿಬೇಳೆ, ಕಡಲೆಕಾಯಿಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದೆವು. ಕೊನೆಗೆ ಉಳಿದದ್ದು ತಿಳಿಸಾರು ಕಲಸಿದ ಅನ್ನ ಮತ್ತು ಬಾಳೆಹಣ್ಣು. ಅಲರ್ಜಿ ತಜ್ಞರು ಪರೀಕ್ಷೆ ಮಾಡಿ, ಹಾಲು ಮತ್ತು ಮೊಟ್ಟೆಯನ್ನು ಮಾತ್ರ ಬಿಡಬೇಕೆಂದು ಹೇಳಿ, ಉಳಿದವುಗಳನ್ನು ಹೇಗೆ ಮತ್ತೆ ಆರಂಭಿಸಬೇಕೆಂದು ವಿವರಿಸಿದಾಗ ನನಗೆ ಸಮಾಧಾನಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

ಅವರು ಹೇಳಿದ ಇನ್ನೊಂದು ಮಾತು ನಮ್ಮ ಅಡುಗೆಯ ರೀತಿಯನ್ನೇ ಬದಲಿಸಿತು. ಮಗುವಿನ ಹೊಟ್ಟೆ ಚಿಕ್ಕದಾದ್ದರಿಂದ ಇನ್ನೆರಡು ತುತ್ತು ತುರುಕುವ ಬದಲು, ತಿನ್ನುವ ತುತ್ತಿನಲ್ಲೇ ಸತ್ವ ಹೆಚ್ಚಿಸಬೇಕು. ಪಿಷ್ಟ ಮತ್ತು ಪ್ರೋಟೀನಿನ ಒಂದು ಗ್ರಾಮಿನಲ್ಲಿ ಸುಮಾರು 4 ಕ್ಯಾಲೊರಿ ಇದ್ದರೆ ಕೊಬ್ಬಿನಲ್ಲಿ 9 ಇರುತ್ತದೆ; ಎಂದರೆ ಅನ್ನಕ್ಕೆ ಬೆರೆಸಿದ ಒಂದು ಚಮಚ ಕೊಬ್ಬರಿ ಎಣ್ಣೆಯಿಂದ ಸುಮಾರು 40 ಕ್ಯಾಲೊರಿ ಸಿಗುತ್ತದೆ, ತುತ್ತಿನ ಗಾತ್ರ ಮಾತ್ರ ಹೆಚ್ಚುವುದಿಲ್ಲ. ನಾನು ತಿಳಿಸಾರನ್ನು ನಿಲ್ಲಿಸಿ ಗಟ್ಟಿ ಬೇಳೆಗೆ ಎಣ್ಣೆ ಹಾಕಿ ಕಲಸತೊಡಗಿದೆ. ಹುರಿದ ಕಡಲೆಕಾಯಿಯನ್ನು ನುಣ್ಣಗೆ ಪುಡಿಮಾಡಿ ಇಡ್ಲಿಗೂ ಉಪ್ಪಿಟ್ಟಿಗೂ ಬೆರೆಸಿದೆ. ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಅದನ್ನು ಈ ವಯಸ್ಸಿನಲ್ಲಿ ಕೊಡಲೇಬಾರದು. ಬೆಣ್ಣೆಹಣ್ಣನ್ನು ಮಸೆದು ಬಾಳೆಹಣ್ಣಿನೊಡನೆ ಕೊಟ್ಟೆ. ಹೆಸರಿನಲ್ಲಿರುವ ಬೆಣ್ಣೆಗೆ ಹೆದರಿ ನಮ್ಮ ಅತ್ತೆಯವರು ಮೊದಲ ದಿನ ಅದನ್ನು ಮುಚ್ಚಿಟ್ಟಿದ್ದರು!

ಆದರೆ ಅದೇ ಅತ್ತೆಯವರಿಗೆ ತುಪ್ಪದ ವಿಷಯದಲ್ಲಿ ಯಾವ ಭಯವೂ ಇರಲಿಲ್ಲ. ಕಾಯಿಸಿದ ಮೇಲೆ ಹಾಲಿನ ಅಂಶ ಎಲ್ಲಿ ಉಳಿಯುತ್ತದೆಂಬುದು ಅವರ ವಾದ. ತುಪ್ಪದಲ್ಲಿ ಹಾಲಿನ ಪ್ರೋಟೀನು ಅಲ್ಪಸ್ವಲ್ಪ ಉಳಿದಿರಬಹುದು, ಕೆಲವು ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ ಎಂದು ವೈದ್ಯರ ಬಾಯಿಂದಲೇ ಕೇಳಿಸಬೇಕಾಯಿತು. ಎಮ್ಮೆಯ ಹಾಲು, ಮೇಕೆಯ ಹಾಲು ಕೊಟ್ಟುನೋಡಿ ಎಂದ ಬಂಧುಗಳಿಗೂ ಅದೇ ಉತ್ತರ: ಅವುಗಳ ಪ್ರೋಟೀನುಗಳು ಹಸುವಿನ ಹಾಲಿನವುಗಳನ್ನು ಬಹಳ ಮಟ್ಟಿಗೆ ಹೋಲುತ್ತವೆ. ತೆಂಗಿನಹಾಲಿನಲ್ಲಿ ಕೊಬ್ಬು ಚೆನ್ನಾಗಿದ್ದರೂ ಪ್ರೋಟೀನು, ಕ್ಯಾಲ್ಸಿಯಂ ಸಾಲದ ಕಾರಣ ಅದನ್ನು ಅಡುಗೆಗೆ ಬಳಸಿದೆವೇ ಹೊರತು ಹಾಲಿನ ಬದಲಿಗಲ್ಲ. ಹಾಲಿನ ಸ್ಥಾನಕ್ಕೆ ವೈದ್ಯರು ಬರೆದುಕೊಟ್ಟ ವಿಶೇಷ ಪುಡಿ ಬಂದಿತು. ಅದರ ಕಹಿಗೆ ಮಗಳು ಹೊಂದಿಕೊಳ್ಳಲು ಮೂರು ವಾರ ಹಿಡಿಯಿತು.

ಹೆಚ್ಚು ನೆರವಾದದ್ದು ನಮ್ಮಮ್ಮ ಮಾಡಿಕೊಟ್ಟ ರಾಗಿ ಸರಿ. ಅದರಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ ಎಂಬುದು ಎಲ್ಲರಿಗೂ ಗೊತ್ತು. ಮೊಳಕೆಯ ಮಹತ್ವ ನನಗೆ ತಿಳಿದದ್ದು ಈಗ. ರಾಗಿಯನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿದರೆ, ಮೊಳಕೆಯೊಡೆದಾಗ ಹುಟ್ಟಿದ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಗಂಜಿ ಬೇಗ ಗಟ್ಟಿಯಾಗುವುದಿಲ್ಲ. ಹಾಗಾಗಿ ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಮಗು ಸುಲಭವಾಗಿ ನುಂಗುತ್ತದೆ.

ಮೊದಲು ದಿನವೂ ತೂಗುತ್ತಿದ್ದ ನಾನು, ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿದರೆ ಸಾಕೆಂದು ಕಲಿತೆ. ಎರಡು ವರ್ಷ ತುಂಬಿದಾಗ ಮಗಳು 9.3 ಕಿಲೋ ಇದ್ದಳು. ಚುಕ್ಕೆ ಹಸಿರು ಪಟ್ಟಿಯ ಅಂಚಿಗೆ ಬಂದಿದೆ. ಈಗಲೂ ಬಂಧುಗಳ ಮನೆಗೆ ಹೋಗುವಾಗ ನನ್ನ ಚೀಲದಲ್ಲಿ ಆಕೆಯ ಬುತ್ತಿಯ ಜೊತೆಗೆ ಒಂದು ಸಣ್ಣ ಕೊಬ್ಬರಿ ಎಣ್ಣೆಯ ಬಾಟಲಿ ಇರುತ್ತದೆ.