ಮಾಲು ನಮ್ಮದು, ಕೆಲಸ ಅವರದು

"ಅಕ್ಕಾ, ಮಾಲು ನಿಮ್ದು, ಕೂಲಿ ನಂದು. ನಾಳೆ ಸೋರಿದ್ರೆ ಯಾರದು?"

ಬಾತ್‌ರೂಮಿನ ಸಾಮಾನೆಲ್ಲ ನಾವೇ ಕೊಂಡುಕೊಳ್ತೀವಿ, ನೀವು ಕೂರಿಸಿಕೊಟ್ಟರೆ ಸಾಕು ಅಂದಾಗ ನಮ್ಮ ಪ್ಲಂಬರ್ ಕೇಳಿದ ಮೊದಲ ಪ್ರಶ್ನೆ ಇದು. ನಮ್ಮ ಮನೆಯವರಿಗೆ ಸಿಟ್ಟೇ ಬಂತು. "ಈಗಲೇ ಕೈ ಜಾಡಿಸ್ಕೊಳ್ಳೋ ದಾರಿ ಹುಡುಕ್ತಿದಾನೆ ನೋಡು" ಅಂತ ಒಳಗೆ ಬಂದು ಗೊಣಗಿದರು. ನನಗೆ ಮಾತ್ರ ಪ್ರಶ್ನೆ ಸರಿಯಾಗೇ ಇದೆ ಅನಿಸಿತು.

ಪ್ಲಂಬರ್ ತಾವೇ ಮಾಲು ತಂದರೆ ಅಂಗಡಿಯವರು ಕೊಡೋ ರಿಯಾಯಿತಿಯಲ್ಲಿ ಅವರಿಗೂ ನಾಲ್ಕು ಕಾಸು ಉಳಿಯುತ್ತೆ. ಅದನ್ನು ಮನಸ್ಸಲ್ಲಿಟ್ಟುಕೊಂಡೇ ಕೂಲಿ ಹೇಳಿರ್ತಾರೆ. ನಾವೇ ಕೊಂಡರೆ ಅದು ಹೋಯಿತು, ಕೂಲಿ ಏರಿತು. ಇದರಲ್ಲಿ ದುರಾಸೆ ಏನಿದೆ? ಜೊತೆಗೆ, ಹೊಸ ನಲ್ಲಿ ಒಳಗೇ ಕೆಟ್ಟಿದ್ದರೆ ಕಂಪನಿ ಬೇರೆ ನಲ್ಲಿ ಕೊಡಬಹುದು, ಆದರೆ ಅದನ್ನು ಬಿಚ್ಚಿ ಮತ್ತೆ ಕೂರಿಸೋರ ಕೂಲಿ ಸಾಮಾನ್ಯವಾಗಿ ವಾರಂಟಿಗೆ ಸೇರಿರಲ್ಲ. ಹಾಗಾಗಿ ಒಂದು ಒಪ್ಪಂದಕ್ಕೆ ಬಂದೆವು: ಜಾಯಿಂಟಿನಲ್ಲಿ ಸೋರಿದರೆ ಅವರು ಬಂದು ದುಡ್ಡಿಲ್ಲದೆ ಸರಿಮಾಡಬೇಕು, ನಲ್ಲಿಯ ಮೈಯಲ್ಲೋ ಹಿಡಿಯ ಸಂದಿಯಲ್ಲೋ ಸೋರಿದರೆ ಅದು ನಮ್ಮ ತಲೆನೋವು, ಬಿಚ್ಚಿ ಕೂರಿಸಿದ್ದಕ್ಕೆ ಕೂಲಿ ಕೊಡ್ತೀವಿ. ವಾಟ್ಸಾಪಲ್ಲಿ ಬರೆದು ಕಳಿಸಿದೆ, ಅವರು "ಓಕೆ ಅಕ್ಕ" ಅಂದರು. ಮನೆಯವರ ಸಿಟ್ಟೂ ಇಳಿಯಿತು.

ಆಮೇಲೆ ಅವರು ಹೇಳಿದ್ದು, "ಕೊಳ್ಳೋಕೆ ಮುಂಚೆ ಲಿಸ್ಟ್ ನಂಗೊಂದ್ಸಲ ತೋರ್ಸಿ." ನೀವೂ ಸ್ವಂತ ಮಾಲು ತರೋರಾದರೆ, ಕೊಳ್ಳೋ ಮುಂಚೆ ಪ್ಲಂಬರ್‌ನ ಕರೆದು, ಬಂದಿದ್ದಕ್ಕೂ ದುಡ್ಡು ಕೊಟ್ಟು, ಒಂದು ಗಂಟೆ ಕೂರಿಸಿಕೊಳ್ಳಿ. ಡಿಸೈನು, ಬಣ್ಣ ಎಲ್ಲ ನಮಗೆ ಬಿಟ್ಟದ್ದು. ಅಳತೆ ಗೋಡೆಗೆ ಬಿಟ್ಟದ್ದು.

ಕಮೋಡನ್ನೇ ತಗೊಳ್ಳಿ. ನಾನು ಆರಿಸಿದ್ದು ಕೊಳೆನೀರನ್ನು ನೆಲದ ತೂತಿಗೆ ಬಿಡೋ ಎಸ್-ಟ್ರ್ಯಾಪ್, ಗೋಡೆಯಿಂದ ಆ ತೂತಿಗೆ 300 ಎಂಎಂ ಬೇಕಾಗೋದು. ಅವರು ಟೇಪು ಹಿಡಿದು ಗೋಡೆಯಿಂದ ತೂತಿನ ನಡುಮಧ್ಯಕ್ಕೆ ಅಳೆದರು. ಸರಿಯಾಗಿ ಹನ್ನೆರಡು ಇಂಚು, ಅಂದರೆ ಹೆಚ್ಚುಕಮ್ಮಿ 300. ನಾನು ಖುಷಿಪಟ್ಟೆ, ಅವರು ಪಡಲಿಲ್ಲ. "ಇದು ಬರೀ ಇಟ್ಟಿಗೆ ಗೋಡೆ ಅಕ್ಕ. ಗಾರೆ ಬಂದು, ಟೈಲ್ಸ್ ಬಂದ್ಮೇಲೆ ಗೋಡೆ ಇಂಚಿನ ಮೇಲೇ ಮುಂದೆ ಬರುತ್ತೆ. ಆಗ ಫ್ಲಶ್ ಟ್ಯಾಂಕು ಗೋಡೆಗೆ ಹೊಡಿಯುತ್ತೆ, ಕಮೋಡ್ ತೂತಿನ ಮೇಲೆ ಕೂರಲ್ಲ." ಅಳತೆ ಯಾವಾಗಲೂ ಟೈಲ್ಸ್ ಮುಗಿದ ಗೋಡೆಯಿಂದ. 225 ಎಂಎಂನದನ್ನು ತರಿಸಿದೆವು. ಹಿಂದೆ ಸ್ವಲ್ಪ ಸಂದಿ ಉಳಿದಿದೆ. ಇರಲಿ, ಅಲ್ಲಿ ಯಾರು ಇಣುಕಿ ನೋಡ್ತಾರೆ?

ವಾಲ್ ಮಿಕ್ಸರ್‌ಗೆ ಇಷ್ಟು ಗೋಳಿಲ್ಲ. ಬಿಸಿನೀರು, ತಣ್ಣೀರಿನ ಎರಡು ಪಾಯಿಂಟಿನ ನಡುವೆ 150 ಎಂಎಂ ಇರಬೇಕು. ಅಷ್ಟಿಷ್ಟು ಹೆಚ್ಚುಕಮ್ಮಿಯಾದರೆ ಮಿಕ್ಸರಿನ ಡೊಂಕು ಕಾಲುಗಳನ್ನು ತಿರುಗಿಸಿ ಸರಿದೂಗಿಸ್ತಾರೆ. ನೀರನ್ನು ನಲ್ಲಿಗೋ ಶವರಿಗೋ ತಿರುಗಿಸೋ, ಗೋಡೆಯೊಳಗೆ ಹುದುಗೋ ಡೈವರ್ಟರ್ ಮಾತ್ರ ಬೇರೆ ಜಾತಿ. ಅದರ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಆಳದ ಎರಡು ಗುರುತುಗಳಿರ್ತವೆ, ಟೈಲ್ಸ್‌ನ ಮುಖ ಅವೆರಡರ ನಡುವೆಯೇ ಬರಬೇಕು. ತೀರಾ ಒಳಗೆ ಹೋದರೆ ಹಿಡಿ ಎಟುಕಲ್ಲ, ಹೊರಗೆ ಬಂದರೆ ಪ್ಲೇಟು ಗೋಡೆಗೆ ಅಂಟಲ್ಲ. ಒಳಗಿನ ಬಾಡಿ ಒಂದು ಕಂಪನಿಯದು, ಹೊರಗಿನ ಪ್ಲೇಟು ಇನ್ನೊಂದರದು ಅಂತ ಆಫರ್ ನೋಡಿ ಕೊಳ್ಳೋಕೆ ಹೋಗಬೇಡಿ, ಕೂಡೋದೇ ಇಲ್ಲ.

ಬೇಸಿನ್ನಿನ ತಳದಲ್ಲಿ ನೀರು ಹೊರಹೋಗೋ ಕಡೆ ಕೂರಿಸೋ ವೇಸ್ಟ್ ಕಪ್ಲಿಂಗಲ್ಲೂ ಎರಡು ಬಗೆ ಇದೆ. ಬೇಸಿನ್ನಿಗೆ ಮೇಲೆ, ತುಂಬಿ ಚೆಲ್ಲದ ಹಾಗೆ ಇಡೋ ಓವರ್‌ಫ್ಲೋ ತೂತಿದ್ದರೆ ಹಾಫ್ ಥ್ರೆಡ್, ಇಲ್ಲದಿದ್ದರೆ ಫುಲ್ ಥ್ರೆಡ್. ಡಬ್ಬಿಯ ಮೇಲಿನ ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಮನೆಯವರು ಹಟ ಹಿಡಿದದ್ದು ತಟ್ಟೆಯಗಲದ ಮಳೆ ಶವರ್‌ಗೆ. ಪ್ಲಂಬರ್ ನೀರಿನ ಟ್ಯಾಂಕು ಎಲ್ಲಿದೆ ಅಂತ ಕೇಳಿದರು. ಹತ್ತು ಮೀಟರ್ ಎತ್ತರದಿಂದ ನೀರು ಇಳಿದರೆ ಸುಮಾರು ಒಂದು ಬಾರ್ ಒತ್ತಡ. ನಮ್ಮ ಟ್ಯಾಂಕು ಶವರಿನ ತಲೆಯ ಮೇಲೇ ಇದೆ, ಮೂರು ಮೀಟರ್ ಇದ್ದರೆ ಹೆಚ್ಚು. "ಹನಿ ಉದುರುತ್ತೆ ಸಾರ್, ಸುರಿಯಲ್ಲ" ಅಂದರು. ಪ್ರೆಶರ್ ಪಂಪ್ ಹಾಕಿಸೋಣ ಅಂತ ಮಾತು ಬಂದು, ಕೊನೆಗೆ ಚಿಕ್ಕ ಶವರಿಗೆ ರಾಜಿಯಾಯಿತು. ಈ ವಿಷಯದಲ್ಲಿ ನಾನು ಬಾಯಿ ಹಾಕಲಿಲ್ಲ.

ಕೂರಿಸೋ ದಿನ ನಾನು ಬಾಗಿಲಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಮೊದಲು ಅವರು ಯಾವ ಡಬ್ಬಿಯನ್ನೂ ಮುಟ್ಟಲಿಲ್ಲ. ಪಾಯಿಂಟಿನ ಬಾಯಿಗೆ ಹಾಕಿದ್ದ ಡಮ್ಮಿ ಮುಚ್ಚಳ ಬಿಚ್ಚಿ, ಬಕೆಟ್ ಇಟ್ಟು, ನೀರು ರಭಸವಾಗಿ ಹರಿಯಬಿಟ್ಟರು. ಬಕೆಟ್ಟಿನ ತಳದಲ್ಲಿ ಮರಳು, ಸಿಮೆಂಟಿನ ಚೂರು, ಪೈಪು ಕೊಯ್ದಾಗ ಬಿದ್ದ ಸುರುಳಿ ಸುರುಳಿ ಪ್ಲಾಸ್ಟಿಕ್. ಇದೆಲ್ಲ ಹೊಸ ಮಿಕ್ಸರಿನೊಳಗೆ ನೀರು ಬಿಟ್ಟು ನಿಲ್ಲಿಸೋ ಕಾರ್ಟ್ರಿಜ್‌ಗೆ ಹೋಗಿದ್ದರೆ ಹನಿ ನಿಲ್ಲುತ್ತಿರಲಿಲ್ಲ, ಬೈಸಿಕೊಳ್ಳೋದು ಕಂಪನಿ. ಆಮೇಲೆ ಟೆಫ್ಲಾನ್ ಟೇಪು ಸುತ್ತಿ, ನಟ್ಟಿಗೆ ಬಟ್ಟೆ ಸುತ್ತಿ ಸ್ಪ್ಯಾನರ್ ಹಾಕಿದರು. ಬಟ್ಟೆ ಇಲ್ಲದೆ ಹಲ್ಲಿನ ಪಾನಾ ಹಾಕಿದರೆ ಹೊಳಪಿನ ಮೇಲೆ ಗಾಯ ಖಾಯಂ. ಮಾಲು ತಮ್ಮದಲ್ಲದಿದ್ದರೂ ಬಟ್ಟೆ ಸುತ್ತೋರು ಸಿಕ್ಕರೆ ಅವರ ನಂಬರ್ ಕಳೆದುಕೊಳ್ಳಬೇಡಿ.

ಉಳಿದದ್ದು ಟವೆಲ್ ರಾಡು, ಹೆಲ್ತ್ ಫಾಸೆಟ್‌ನ ಹುಕ್ಕು. ಇಲ್ಲಿ ಅವರು ಡ್ರಿಲ್ ಎತ್ತಿ ಮತ್ತೆ ಕೆಳಗಿಟ್ಟರು. ಗೋಡೆಯೊಳಗೆ ಪೈಪು ಎಲ್ಲಿ ಹೋಗಿದೆ? ಟೈಲ್ಸ್ ಹಾಕೋ ಮುಂಚೆ ಟೇಪು ಹಿಡಿಸಿ ನಾಲ್ಕೂ ಗೋಡೆಯ ಫೋಟೊ ತೆಗೆದಿಟ್ಟಿದ್ದೆ, ತೋರಿಸಿದೆ. ಹುಕ್ಕನ್ನು ನಾನು ಹೇಳಿದ ಜಾಗದಿಂದ ಒಂದು ಗೇಣು ಆಚೆ ಕೂರಿಸಿದರು. ಹೊರಡುವಾಗ "ಆ ಫೋಟೊ ನಂಗೂ ಕಳ್ಸಿ ಅಕ್ಕ, ಗೀಜರ್ ಬದಲಾಯಿಸೋವಾಗ ಬೇಕಾಗುತ್ತೆ" ಅಂದರು. ಗೀಜರ್ ಯಾವುದು ಕೊಳ್ಳೋದು ಅಂತ ಮನೆಯವರು ಈಗಾಗಲೇ ಹುಡುಕ್ತಿದಾರೆ.